ಹಳೆಯ ಎಕ್ಸ್‌ಯುವಿ500 ತಗೊಳ್ಳಬಹುದಾ? ದಾವಣಗೆರೆ, ಚಿತ್ರದುರ್ಗ ಕಡೆ ಓಡಿಸಿದವರು ಹೇಳಿ

ಬೆಣ್ಣೆನಗರಿ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ನಾವು ಆರು ಜನ. ಅಪ್ಪ, ಅವ್ವ, ನಾನು, ಹೆಂಡತಿ, ಇಬ್ಬರು ಮಕ್ಕಳು. ಇರೋದು ಐದು ಸೀಟಿನ ಸಣ್ಣ ಕಾರು. ಮನೆ ನಿಟುವಳ್ಳಿಯಲ್ಲಿ, ಊರು ಜಗಳೂರು ತಾಲ್ಲೂಕು. ಎಲ್ಲಿಗೆ ಹೊರಟರೂ ಅಪ್ಪ "ನೀವು ಕಾರಲ್ಲಿ ನಡೀರಿ, ನಾನು ಬಸ್ಸಿಗೆ ಬರ್ತೀನಿ" ಅಂತ ಚೀಲ ಹಿಡಿದು ಹೊರಟುಬಿಡುತ್ತಾರೆ. ಅವರಿಗೆ 71 ವರ್ಷ. ಹೋದ ತಿಂಗಳು ನಾವು ಊರು ಮುಟ್ಟಿ ಒಂದೂವರೆ ಗಂಟೆ ಆಗಿತ್ತು. ಆಮೇಲೆ ಅವರು ಬಸ್ ಸ್ಟಾಪಿನಿಂದ ಬಿಸಿಲಲ್ಲಿ ನಡೆದುಕೊಂಡು ಬಂದರು. ಅವತ್ತೇ ತೀರ್ಮಾನ ಮಾಡಿದೆ, ಏಳು ಸೀಟಿನ ಗಾಡಿ ತಗೊಳ್ಳಲೇಬೇಕು ಅಂತ.

ಹೊಸದಕ್ಕೆ ಕೈ ಎಟುಕಲ್ಲ. ಏಳು ಲಕ್ಷದ ಒಳಗೆ ಹಳೆಯದೇ ಆಗಬೇಕು. ಮಹೀಂದ್ರ ಎಕ್ಸ್‌ಯುವಿ500 ಮೇಲೆ ಮನಸ್ಸಿದೆ. ಎರಡು ಗಾಡಿ ನೋಡಿಟ್ಟಿದ್ದೇನೆ.

ಒಂದು ದಾವಣಗೆರೆಯಲ್ಲೇ ಇದೆ. 2016ರ ಡಬ್ಲ್ಯು8 ಮಾಡೆಲ್, 68 ಸಾವಿರ ಕಿ.ಮೀ., ಎರಡನೇ ಓನರ್. 6.90 ಲಕ್ಷ ಹೇಳುತ್ತಿದ್ದಾರೆ. ಗಾಡಿ ಫಳಫಳ ಅಂತಿದೆ.

ಇನ್ನೊಂದು ಚಿತ್ರದುರ್ಗದಲ್ಲಿ. 2017ರ ಡಬ್ಲ್ಯು6 ಮಾಡೆಲ್, 1 ಲಕ್ಷ 12 ಸಾವಿರ ಕಿ.ಮೀ., ಒಬ್ಬರೇ ಓನರ್, 6.40 ಲಕ್ಷ. ಬಾಗಿಲಿನ ಮೇಲೆ ಉದ್ದ ಗೀರು ಇದೆ. ಬಂಪರ್ ಮೂಲೆ ಉಜ್ಜಿಹೋಗಿದೆ.

ನನ್ನ ಮನಸ್ಸು ಮೊದಲನೆಯದರ ಕಡೆ ಎಳೀತಿದೆ. ಅವ್ವನಿಗೆ ಮಂಡಿ ನೋವು. ಹತ್ತೋಕೆ ಇಳಿಯೋಕೆ ಹೇಗೆ ಅನ್ನೋದನ್ನೂ ಹೇಳಿ.

ಕೋಟೆ ದಾರಿ, ಚಿತ್ರದುರ್ಗ

ನಮಸ್ಕಾರ ಸರ್. ನನ್ನದು 2015ರ ಡಬ್ಲ್ಯು8. 2019ರಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡೆ. ಈಗ 1 ಲಕ್ಷ 38 ಸಾವಿರ ಆಗಿದೆ. ಅದರಲ್ಲಿ ಎಂಬತ್ತು ಸಾವಿರ ನಾನೇ ಓಡಿಸಿದ್ದು.

ಮೊದಲು ಒಳ್ಳೆಯದು ಹೇಳ್ತೀನಿ. ಹೈವೇಲಿ ಈ ಗಾಡಿಯ ಮೇಲೆ ನನಗೆ ತುಂಬ ಪ್ರೀತಿ. 2.2 ಲೀಟರ್ ಎಂಹಾಕ್ ಡೀಸೆಲ್ ಇಂಜಿನ್, 140 ಎಚ್‌ಪಿ, ಆರು ಗೇರು. ದುರ್ಗದಿಂದ ಬೆಂಗಳೂರು 200 ಕಿ.ಮೀ. ಬೆಳಿಗ್ಗೆ ಐದಕ್ಕೆ ಬಿಟ್ಟರೆ ಹಿರಿಯೂರು ದಾಟೋವರೆಗೂ ಆರನೇ ಗೇರಿನಿಂದ ಕೈ ತೆಗೆಯುವ ಕೆಲಸವೇ ಇಲ್ಲ. ಏಳು ಜನ ಕೂತು ಮೇಲೆ ಲಗೇಜ್ ಇದ್ದರೂ ಲಾರಿ ಹಿಂದೆ ಹಾಕೋಕೆ ಯೋಚನೆ ಮಾಡಬೇಕಾಗಿಲ್ಲ. ಚಾಸಿ ಮೇಲೆ ಬಾಡಿ ಕೂರಿಸಿದ ಗಾಡಿ ಅಲ್ಲ ಇದು. ಕಾರಿನ ಹಾಗೆ ಬಾಡಿ ಚಾಸಿ ಎಲ್ಲಾ ಒಂದೇ. ಹಾಗಾಗಿ ತಿರುವಿನಲ್ಲಿ ಜೋಲಿ ಹೊಡೆಯೋದು ಕಮ್ಮಿ. ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕ್. 70 ಲೀಟರ್ ಟ್ಯಾಂಕ್. ಮೈಲೇಜ್ ನನಗೆ ಹೈವೇಲಿ 14, ಊರೊಳಗೆ 10ರಿಂದ 11.

ಈಗ ಬೇಜಾರಿನದು. ಮೂರನೇ ಸಾಲು ಮಕ್ಕಳಿಗೆ ಮಾತ್ರ. ದೊಡ್ಡವರು ಕೂತರೆ ಮಂಡಿ ಎದೆಗೆ ಬರುತ್ತದೆ. ಮೂರನೇ ಸಾಲು ಎಬ್ಬಿಸಿದರೆ ಡಿಕ್ಕಿಯಲ್ಲಿ ಎರಡು ಸ್ಕೂಲ್ ಬ್ಯಾಗು, ಒಂದು ನೀರಿನ ಕ್ಯಾನ್, ಅಷ್ಟೇ ಜಾಗ. ನೀವು ಆರು ಜನ ಧರ್ಮಸ್ಥಳಕ್ಕೆ ಹೋಗ್ತೀರಿ ಅಂದ್ರೆ ಹಿಂದೆ ಒಂದು ಸೀಟು ಮಡಚಿ ಲಗೇಜ್ ಇಡಬೇಕಾಗುತ್ತದೆ. ಇಲ್ಲ ಅಂದ್ರೆ ಮೇಲೆ ಕ್ಯಾರಿಯರ್ ಹಾಕಿಸಿ. ಇದನ್ನು ಮೊದಲೇ ತಿಳಿದುಕೊಂಡು ತಗೊಳ್ಳಿ.

ಖರ್ಚು ಹೇಳಿಬಿಡ್ತೀನಿ. ಒಂದು ಲಕ್ಷ ದಾಟಿದ ಮೇಲೆ ಕ್ಲಚ್ ಬದಲಿಸಿದೆ. ಮೊದಲಿನವರು ಕ್ಲಚ್ ಮೇಲೆ ಕಾಲಿಟ್ಟುಕೊಂಡೇ ಓಡಿಸುತ್ತಿದ್ದರು, ಪೆಡಲ್ ನೋಡಿದರೇ ಗೊತ್ತಾಗುತ್ತಿತ್ತು. ಮುಂದಿನ ಲಿಂಕ್ ರಾಡ್, ಬುಷ್ ಎರಡು ಸಲ ಆಗಿದೆ. ಟೈರ್ 235/65 ಆರ್17. ಸಣ್ಣ ಕಾರಿನ ಟೈರ್ ರೇಟಿಗೆ ಹೋಲಿಸಿದರೆ ಜಾಸ್ತಿನೇ. ಗಾಡಿಗೆ ಏಳು ಲಕ್ಷ ಇಟ್ಟಿದ್ದೀರಿ ಅಂದ್ರೆ ಆರು ಲಕ್ಷದ್ದು ತಗೊಂಡು ಒಂದು ಲಕ್ಷ ಬ್ಯಾಂಕಲ್ಲೇ ಬಿಡಿ. ಮೊದಲ ವರ್ಷ ಅದು ಬೇಕಾಗುತ್ತದೆ.

ತೋಟದ ಮನೆ, ಚನ್ನಗಿರಿ

ಅಣ್ಣ, ನನ್ನ ಮಾತು ಕೇಳಿ, ಇನ್ನೋವಾ ಹುಡುಕಿ. ನನ್ನದು ಇನ್ನೋವಾ ಕ್ರಿಸ್ಟಾ 2.4 ಡೀಸೆಲ್, 2 ಲಕ್ಷ 20 ಸಾವಿರ ಕಿ.ಮೀ. ಮೂರನೇ ಸಾಲಲ್ಲಿ ನಮ್ಮ ಮಾವನವರು ಕೂತು ಶಿರಸಿವರೆಗೆ ಬಂದಿದ್ದಾರೆ, ಒಂದು ಮಾತಾಡಲಿಲ್ಲ. ಅಡಿಕೆ ಚೀಲ ಹೇರಿದ್ದೀನಿ, ಮದುವೆ ದಿಬ್ಬಣಕ್ಕೂ ಹೋಗಿದ್ದೀನಿ. ಮಾರೋಕೆ ಇಟ್ಟರೆ ಸಂಜೆಯೊಳಗೆ ಮೂರು ಜನ ಬರ್ತಾರೆ.

ಕೋಟೆ ದಾರಿ, ಚಿತ್ರದುರ್ಗ

ತೋಟದ ಮನೆಯವರೇ, ಕ್ರಿಸ್ಟಾ ಬಗ್ಗೆ ನನ್ನದೂ ಒಂದು ಮಾತಿಲ್ಲ, ಬಂಗಾರದಂಥ ಗಾಡಿ. ಆದರೆ ಅದು ಬಂದಿದ್ದೇ 2016ರಲ್ಲಿ. ಏಳು ಲಕ್ಷಕ್ಕೆ ಯಾರಾದರೂ ಕ್ರಿಸ್ಟಾ ಕೊಡ್ತೀನಿ ಅಂದ್ರೆ ಅದು ಬಾಡಿಗೆಗೆ ಓಡಿದ್ದೋ, ಗುದ್ದಿ ರಿಪೇರಿ ಆಗಿದ್ದೋ ಅಂತ ನಾನು ಮೊದಲು ಕೇಳ್ತೀನಿ. ಆ ದುಡ್ಡಿಗೆ ಸಿಗೋದು ಹಳೆಯ ಇನ್ನೋವಾ. ಅದೂ ಮೂರು ಲಕ್ಷದ ಹತ್ತಿರ ಓಡಿರುತ್ತದೆ.

ತೋಟದ ಮನೆ, ಚನ್ನಗಿರಿ

ಅದು ನಿಜ. ನನ್ನದಕ್ಕೇ ಹೋದ ವರ್ಷ ಹದಿಮೂರು ಲಕ್ಷಕ್ಕೆ ಕೇಳಿದರು, ಕೊಡಲಿಲ್ಲ. ಹಾಗಾದ್ರೆ ಟಾಟಾ ಹೆಕ್ಸಾನೂ ಒಂದು ಸಲ ನೋಡಿ. 2017ರಿಂದ ಬಂತು, 400 ಎನ್‌ಎಂ ಟಾರ್ಕ್ ಅಂದ್ರೆ ಒಳ್ಳೆ ಎಳೆತ, ಕೂರೋಕೆ ವಿಶಾಲ. ನಮ್ಮ ಭಾವನ ಹತ್ತಿರ ಇದೆ, ಖುಷಿಯಾಗಿದ್ದಾರೆ. ಈಗ ತಯಾರಿ ನಿಂತಿದೆ ಅನ್ನೋದೊಂದು ಬಿಟ್ಟರೆ.

ಎರೆಹೊಲ, ಜಗಳೂರು

ನಮ್ಮ ತಾಲ್ಲೂಕಿನವರೇ, ಬನ್ನಿ. ನಾನು ಈ ಗಾಡಿ ಮೂರು ವರ್ಷ ಇಟ್ಟುಕೊಂಡಿದ್ದೆ. ನಮ್ಮ ದಾರಿಗೆ ಬೇಕಾದ್ದು ಹೇಳ್ತೀನಿ.

ನೆಲದಿಂದ ಎತ್ತರ 200 ಎಂಎಂ. ಹಳ್ಳಿ ದಾರಿಗೆ ತೊಂದರೆ ಇಲ್ಲ. ಆದರೆ ಇದು ಮುಂದಿನ ಚಕ್ರಕ್ಕೆ ಎಳೆತ ಇರೋ ಗಾಡಿ. ನಾಲ್ಕು ಚಕ್ರದ್ದು ಬೇರೆ ಬರ್ತಿತ್ತು, ನಿಮ್ಮ ರೇಟಿಗೆ ಸಿಗೋದು ಮುಂದಿನದೇ. ಮಳೆ ಬಿದ್ದ ಎರೆಮಣ್ಣಿಗೆ ಇಳಿಸಬೇಡಿ. ಎಸ್‌ಯುವಿ ಅಂತ ಧೈರ್ಯ ಮಾಡಿ ಹೊಲದ ದಾರಿಗೆ ಇಳಿದವನು ನಾನು. ಟ್ರ್ಯಾಕ್ಟರ್ ಬರೋವರೆಗೆ ಅಲ್ಲೇ ಇದ್ದೆ. ಎರೆ ಚಕ್ರಕ್ಕೆ ಮೆತ್ತಿಕೊಂಡರೆ ಯಾವ ಟೈರೂ ಹಿಡಿಯಲ್ಲ.

ಇನ್ನೊಂದು ಮಾತು. ಇದನ್ನು ದಯವಿಟ್ಟು ಎಲ್ಲರೂ ಓದಿ. ಸುಗ್ಗಿಯಲ್ಲಿ ನಮ್ಮ ಕಡೆ, ಚಳ್ಳಕೆರೆ ಹಿರಿಯೂರು ಕಡೆ, ರಸ್ತೆ ಮೇಲೇ ಹುರುಳಿ ರಾಗಿ ಒಕ್ಕಣೆಗೆ ಹಾಕಿರ್ತಾರೆ. ರಾಗಿ ಹುಲ್ಲು ಹೇಗೋ ನಡೆಯುತ್ತದೆ. ಹುರುಳಿ ಬಳ್ಳಿ ಹಾಗಲ್ಲ. ಅದು ಚಕ್ರದ ಶಾಫ್ಟಿಗೆ ಹಗ್ಗದ ಹಾಗೆ ಸುತ್ತಿಕೊಂಡು ಸೈಲೆನ್ಸರ್ ಪೈಪಿನ ಹತ್ತಿರ ಗಂಟು ಕಟ್ಟುತ್ತದೆ. ಪೈಪು ಕಾದಿರುತ್ತದೆ, ಬಳ್ಳಿ ಒಣಗಿರುತ್ತದೆ. ಹಾಗೆ ಬೆಂಕಿ ಹತ್ತಿ ಸುಟ್ಟುಹೋದ ಕಾರುಗಳು ಇದ್ದಾವೆ. ಒಮ್ಮೆ ನನಗೂ ಹುಲ್ಲು ಸುಟ್ಟ ವಾಸನೆ ಬಂತು. ತಕ್ಷಣ ಹುಲ್ಲು ಇಲ್ಲದ ಜಾಗಕ್ಕೆ ತಂದು ನಿಲ್ಲಿಸಿ, ಮಕ್ಕಳನ್ನು ಇಳಿಸಿ, ಕುಡುಗೋಲಿನಿಂದ ಕೊಯ್ದು ತೆಗೆದೆ. ಒಂದು ತೆಕ್ಕೆ ಬಂತು. ಬಳ್ಳಿ ದಪ್ಪ ಹಾಸಿದ್ದರೆ ಮೇಲೆ ಹತ್ತಿಸಬೇಡಿ, ನಿಲ್ಲಿಸಿ ಪಕ್ಕಕ್ಕೆ ಸರಿಸಿಕೊಂಡು ಹೋಗಿ. ಹಳೆ ಗಾಡಿ ನೋಡುವಾಗಲೂ ಕೆಳಗೆ ಮಲಗಿ ನೋಡಿ. ವೈರು, ಪೈಪು, ರಬ್ಬರ್ ಕರಗಿದ ಗುರುತು ಇದೆಯಾ ಅಂತ.

12-13 ಸ್ಪ್ಯಾನರ್, ದಾವಣಗೆರೆ

ನಾನು ಡೀಸೆಲ್ ಗಾಡಿ ಕೆಲಸ ಮಾಡೋನು, ಇಪ್ಪತ್ತು ವರ್ಷ ಆಯಿತು. ಅಣ್ಣಾ, ನೀವು "ಫಳಫಳ ಅಂತಿದೆ" ಅಂತ ಬರೆದಿದ್ದೀರಲ್ಲ, ನನಗೆ ಅಲ್ಲೇ ಚಿಂತೆ ಆಯಿತು. ಪಾಲಿಶ್ ಹೊಡೆಸೋಕೆ ಅರ್ಧ ದಿನ ಸಾಕು. ಗೀರು ಇರೋ ಗಾಡಿ ಕೆಟ್ಟದ್ದು ಅಂತ ಅಲ್ಲ. ಗಾಡಿ ಯಾವುದು ಅನ್ನೋದಕ್ಕಿಂತ ಅದನ್ನು ಯಾರು ಹೇಗೆ ಓಡಿಸಿದರು ಅನ್ನೋದು ಮುಖ್ಯ. ಅದು ಬಣ್ಣದಲ್ಲಿ ಕಾಣಲ್ಲ.

ಬೆಳಿಗ್ಗೆ ಬೇಗ ಹೋಗಿ. ಬರ್ತೀನಿ ಅಂತ ಹೇಳುವಾಗಲೇ "ಸ್ಟಾರ್ಟ್ ಮಾಡಿ ಇಡಬೇಡಿ" ಅನ್ನಿ. ಹೋದ ತಕ್ಷಣ ಬಾನೆಟ್ ಮೇಲೆ ಅಂಗೈ ಇಡಿ. ಬೆಚ್ಚಗಿದ್ದರೆ ಯಾಕೆ ಬಿಸಿ ಮಾಡಿಟ್ಟಿದ್ದಾರೆ ಅಂತ ಕೇಳಿ. ತಣ್ಣಗಿರುವಾಗಲೇ ಡೀಸೆಲ್ ಇಂಜಿನ್ ತನ್ನ ಕಥೆ ಹೇಳೋದು. ಹೊಗೆ ನೋಡಿ. ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ. ಬಿಳಿ ಹೊಗೆ ಬಂದು ಬಿಸಿಯಾದ ಮೇಲೂ ನಿಲ್ಲಲಿಲ್ಲ ಅಂದರೆ ಬಿಟ್ಟು ಬನ್ನಿ. ಆಮೇಲೆ ಇಂಜಿನ್ ಓಡುತ್ತಿರುವಾಗಲೇ ಆಯಿಲ್ ಹಾಕುವ ಮುಚ್ಚಳ ಬಿಚ್ಚಿ, ತೂತಿನ ಮೇಲೆ ತಲೆಕೆಳಗಾಗಿ ಸುಮ್ನೆ ಇಡಿ. ಸ್ವಲ್ಪ ಅಲ್ಲಾಡಿದರೆ ಪರವಾಗಿಲ್ಲ. ಮುಚ್ಚಳ ಕುಣಿದು ಹಾರಿದರೆ ಒಳಗೆ ರಿಂಗ್, ಪಿಸ್ಟನ್ ಸವೆದಿದೆ ಅಂತ ಅರ್ಥ.

ಕೀ ತಿರುಗಿಸಿದಾಗ ಏರ್‌ಬ್ಯಾಗ್ ಲೈಟ್ ಹತ್ತಿ ಆರಬೇಕು. ಹತ್ತಿಯೇ ಇರಬಾರದು ಅಂತ ಎಲ್ಲರಿಗೂ ಗೊತ್ತು. ಹತ್ತದೇ ಇದ್ದರೂ ತಪ್ಪೇ. ಏರ್‌ಬ್ಯಾಗ್ ಒಡೆದ ಗಾಡಿಯಲ್ಲಿ ಆ ಲೈಟನ್ನೇ ಸುಮ್ಮನಾಗಿಸಿರ್ತಾರೆ.

ಸೀಟ್ ಬೆಲ್ಟ್ ಪೂರ್ತಿ ಕೊನೆವರೆಗೆ ಎಳೆಯಿರಿ. ನೀರಲ್ಲಿ ಮುಳುಗಿದ ಗಾಡಿಯಾದರೆ ಸೀಟು ತೊಳೆದಿರ್ತಾರೆ, ಬೆಲ್ಟಿನ ಒಳತುದಿ ತೊಳೆದಿರಲ್ಲ. ಮಣ್ಣಿನ ಗೆರೆ ಅಲ್ಲೇ ಸಿಗುತ್ತದೆ. ಮಡ್‌ಗಾರ್ಡ್ ಬೋಲ್ಟು, ಬಾನೆಟ್ ಹಿಂಜಿನ ಬೋಲ್ಟು ನೋಡಿ. ಕಂಪನಿಯಿಂದ ಬಂದಾಗ ಅವುಗಳ ಮೇಲೂ ಬಣ್ಣ ಇರುತ್ತದೆ. ಮೂಲೆ ಮುರಿದು ಬಣ್ಣ ಎದ್ದಿದ್ದರೆ ಸ್ಪ್ಯಾನರ್ ಬಿದ್ದಿದೆ ಅಂತಲೇ.

ಟೈರ್ ಮೇಲೆ ನಾಲ್ಕು ಅಂಕಿ ಇರುತ್ತದೆ. 2319 ಅಂದ್ರೆ 2019ರ 23ನೇ ವಾರ. ಸ್ಟೆಪ್ನಿಯದನ್ನೂ ಓದಿ.

ಕಿ.ಮೀ. ತಿರುಗಿಸಿದ್ದನ್ನು ಹಿಡಿಯೋಕೆ ಮೀಟರ್ ನೋಡಬೇಡಿ, ಪೆಡಲ್ ನೋಡಿ. 68 ಸಾವಿರಕ್ಕೆ ಬ್ರೇಕ್ ಪೆಡಲ್ ರಬ್ಬರಿನ ಗೆರೆ ಪೂರ್ತಿ ಅಳಿಸಿಹೋಗಲ್ಲ. ಹೊಚ್ಚ ಹೊಸ ರಬ್ಬರ್ ಇದ್ದರೆ ಅದೂ ಅನುಮಾನವೇ. ಸ್ಟೇರಿಂಗ್ ಎಡಬಲ ಮಿಂಚುತ್ತಿದೆಯಾ, ಡ್ರೈವರ್ ಸೀಟಿನ ಬಲ ಅಂಚು ಕುಸಿದಿದೆಯಾ ನೋಡಿ. ಆಮೇಲೆ ಓನರನ್ನು ಜೊತೆಗೇ ಕರೆದುಕೊಂಡು ಸರ್ವೀಸ್ ಸೆಂಟರ್‌ಗೆ ಹೋಗಿ ಹಳೆಯ ಸರ್ವೀಸ್ ವಿವರ ತೆಗೆಸಿ. ಬರೋಕೆ ಒಪ್ಪಲಿಲ್ಲ ಅಂದರೆ ಅಲ್ಲಿಗೇ ಮಾತು ಮುಗೀತು.

ತುಂಗಭದ್ರೆ ದಂಡೆ, ಹರಿಹರ

ಸ್ಪ್ಯಾನರ್ ಅಣ್ಣ ಹೇಳಿದ್ದು ನೂರಕ್ಕೆ ನೂರು ನಿಜ. ನಮಗೆ ಮೀಟರ್ ತಿರುಗಿಸಿದ ಗಾಡಿ ಕೊಟ್ಟರು. ಯಾರು, ಎಲ್ಲಿ ಅಂತ ಇಲ್ಲಿ ಬೇಡ. 55 ಸಾವಿರ ಅಂತ ಹೇಳಿದ್ದರು. ಆರು ತಿಂಗಳಾದ ಮೇಲೆ ಸೀಟ್ ಕವರ್ ಬದಲಿಸುವಾಗ ಸೀಟಿನ ಕೆಳಗೆ ಹಳೆಯ ಸರ್ವೀಸ್ ಬಿಲ್ ಸಿಕ್ಕಿತು. ಅದರಲ್ಲಿ 1 ಲಕ್ಷ 21 ಸಾವಿರ ಅಂತ ಇತ್ತು. ನನ್ನ ಗಂಡ ಆ ಬಿಲ್ ಹಿಡಿದುಕೊಂಡು ತುಂಬ ಹೊತ್ತು ಮಾತೇ ಆಡಲಿಲ್ಲ. ಪಿಎಫ್ ದುಡ್ಡು ತೆಗೆದು ತಗೊಂಡ ಗಾಡಿ ಅದು.

ಈಗ ನಾನು ಓಡಿಸೋದು ಎಕ್ಸ್‌ಯುವಿನೇ, 2018ರದ್ದು, 155 ಎಚ್‌ಪಿ. ಹೆಂಗಸರು ಓಡಿಸಬಹುದಾ ಅಂತ ಯಾರೂ ಕೇಳಿಲ್ಲ, ಆದರೂ ಹೇಳ್ತೀನಿ. ಆರಾಮಾಗಿ ಓಡಿಸಬಹುದು. ದಾರಿ ಎತ್ತರದಿಂದ ಚೆನ್ನಾಗಿ ಕಾಣುತ್ತದೆ. ಕ್ಲಚ್ ಮಾತ್ರ ಸಣ್ಣ ಕಾರಿನಷ್ಟು ಹಗುರ ಇಲ್ಲ. ಗಾಂಧಿ ಸರ್ಕಲ್ ಕಡೆ ಸಂಜೆ ಸಿಕ್ಕಿಕೊಂಡರೆ ಎಡಗಾಲು ನೋಯುತ್ತದೆ. ಅಗಲ 1890 ಎಂಎಂ, ಉದ್ದ ನಾಲ್ಕೂವರೆ ಮೀಟರ್‌ಗಿಂತ ಜಾಸ್ತಿ. ನಿಟುವಳ್ಳಿಯ ಕೆಲವು ಅಡ್ಡರಸ್ತೆಯಲ್ಲಿ ಎರಡೂ ಕಡೆ ಬೈಕ್ ನಿಂತಿರ್ತಾವೆ. ನಿಮ್ಮ ಗೇಟು ಎಷ್ಟು ಅಗಲ ಇದೆ, ಟೇಪು ಹಿಡಿದು ಅಳೆದುಕೊಳ್ಳಿ. ಎರಡೂ ಕಡೆ ಕನ್ನಡಿಗೆ ಜಾಗ ಬೇಕು.

ಅಮ್ಮನ ವಿಷಯ. ನಮ್ಮ ಅತ್ತೆಗೂ ಮಂಡಿ ನೋವು. ಹತ್ತುವಾಗ ಕಷ್ಟ, ಇಳಿಯುವಾಗ ಇನ್ನೂ ಕಷ್ಟ. ಕಾಲು ನೆಲಕ್ಕೆ ಸಿಗಲ್ಲ, ಜಾರ್ತೀನೇನೋ ಅಂತ ಭಯ ಆಗುತ್ತದೆ ಅವರಿಗೆ. ದುಡ್ಡು ಕೊಡೋ ಮುಂಚೆ ಅಮ್ಮನನ್ನು ಕರೆದುಕೊಂಡು ಹೋಗಿ ಐದು ಸಲ ಹತ್ತಿಸಿ ಇಳಿಸಿ. ಒಂದು ಸಲಕ್ಕೆ ಎಲ್ಲರೂ "ಪರವಾಗಿಲ್ಲ ಬಿಡಪ್ಪ" ಅಂತಲೇ ಅಂತಾರೆ. ಐದನೇ ಸಲ ಮುಖ ನೋಡಿ.

ಬೆಣ್ಣೆನಗರಿ, ದಾವಣಗೆರೆ

ಅಕ್ಕಾ, ಇದು ನನಗೆ ಹೊಳೆದೇ ಇರಲಿಲ್ಲ. ಭಾನುವಾರ ಎಲ್ಲರನ್ನೂ ಕರೆದುಕೊಂಡು ಹೋಗ್ತೀನಿ. ಇನ್ನೊಂದು ವಿಷಯ. ದೆಹಲಿ ನಂಬರಿನ 2017ರ ಗಾಡಿ 4.60ಕ್ಕೆ ಕೊಡಿಸ್ತೀನಿ ಅಂತ ಒಬ್ಬರು ಹೇಳ್ತಿದ್ದಾರೆ. ನೋಡಬಹುದಾ?

ಆರ್‌ಸಿ ಪುಸ್ತಕ, ಚಿತ್ರದುರ್ಗ

ಸರ್, ದೆಹಲಿ ಕಡೆ ಹತ್ತು ವರ್ಷ ದಾಟಿದ ಡೀಸೆಲ್ ಗಾಡಿಗೆ ನಿರ್ಬಂಧ ಹಾಕಿದ್ದರು. ಅದಕ್ಕೇ ಅಲ್ಲಿಯವರು ಎಂಟು ಒಂಬತ್ತು ವರ್ಷಕ್ಕೇ ಮಾರುತ್ತಾರೆ, ರೇಟು ಕಮ್ಮಿ. ಇಲ್ಲಿಗೆ ತಂದ ಮೇಲೆ ಅಲ್ಲಿಯ ಆರ್‌ಟಿಒದಿಂದ ಎನ್‌ಒಸಿ (ಆಕ್ಷೇಪಣೆ ಇಲ್ಲ ಅನ್ನೋ ಪತ್ರ) ಬೇಕು, ಕರ್ನಾಟಕದ ಲೈಫ್ ಟ್ಯಾಕ್ಸ್ ಕಟ್ಟಬೇಕು, ಇಲ್ಲಿಯ ನಂಬರ್ ಮಾಡಿಸಬೇಕು. ಟ್ಯಾಕ್ಸ್ ಎಷ್ಟಾಗುತ್ತದೆ ಅಂತ ಆರ್‌ಟಿಒದಲ್ಲಿ ಲೆಕ್ಕ ಹಾಕಿಸಿಕೊಂಡು ಆಮೇಲೆ 4.60 ಕಮ್ಮಿಯಾ ಅಂತ ನೋಡಿ. ನಾನಾಗಿದ್ದರೆ ಬಿಡ್ತಿದ್ದೆ.

ನಮ್ಮ ರಾಜ್ಯದೊಳಗಿನದಕ್ಕೆ ಇಷ್ಟು ತೊಂದರೆ ಇಲ್ಲ. ಚಿತ್ರದುರ್ಗದ ಕೆಎ-16 ಗಾಡಿ ದಾವಣಗೆರೆಗೆ ತಂದರೆ ನಂಬರ್ ಬದಲಾಗಲ್ಲ, ಹೊಸದಾಗಿ ಟ್ಯಾಕ್ಸೂ ಇಲ್ಲ. ಹೆಸರು ಬದಲಾವಣೆಗೆ ಫಾರಂ 29, 30 ಸಹಿ ಮಾಡಿಸಿಕೊಳ್ಳಿ. ಸಾಲದ ಮೇಲೆ ತಗೊಂಡಿದ್ದ ಗಾಡಿ ಆದರೆ ಬ್ಯಾಂಕಿನ ಎನ್‌ಒಸಿ ಜೊತೆ ಫಾರಂ 35. ಸಾಲ ತೀರಿದೆ ಅಂತ ಬಾಯಲ್ಲಿ ಹೇಳಿದರೆ ಸಾಲದು, ಆರ್‌ಸಿಯಿಂದ ಬ್ಯಾಂಕಿನ ಹೆಸರು ಹೋಗಿರಬೇಕು. ಸರ್ಕಾರದ ಎಂಪರಿವಾಹನ್ ಆ್ಯಪಲ್ಲಿ ನಂಬರ್ ಹಾಕಿದರೆ ಕಾಣುತ್ತದೆ. ಬಾಕಿ ದಂಡ ಇದೆಯಾ ಅಂತಲೂ ನೋಡಿ.

ಇನ್ಶೂರೆನ್ಸ್ 14 ದಿನದೊಳಗೆ ನಿಮ್ಮ ಹೆಸರಿಗೆ ಬದಲಿಸಿಕೊಳ್ಳಿ. ಮರೆತರೆ, ನಾಳೆ ನಿಮ್ಮ ಗಾಡಿಗೇ ಡ್ಯಾಮೇಜ್ ಆದಾಗ ಕ್ಲೇಮಿಗೆ ಓಡಾಡಬೇಕಾಗುತ್ತದೆ. ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದವರಿಗೆ ಸಿಗೋ ರಿಯಾಯಿತಿ) ಹಳೇ ಓನರ್ ಜೊತೆ ಹೋಗುತ್ತದೆ, ಗಾಡಿ ಜೊತೆ ಬರಲ್ಲ. ಆ ವ್ಯತ್ಯಾಸದ ದುಡ್ಡು ಕಟ್ಟಬೇಕು. ಹಳೇ ಫಾಸ್ಟ್ಯಾಗ್ ಕಿತ್ತು ಕ್ಲೋಸ್ ಮಾಡಿಸಿ. ಇಲ್ಲಾಂದ್ರೆ ಹೆಬ್ಬಾಳು ಟೋಲಲ್ಲಿ ಅವರ ದುಡ್ಡು ಕಟ್ ಆಗಿ ನಿಮಗೆ ಫೋನ್ ಬರುತ್ತದೆ.

2017ರ ಗಾಡಿ ಆರ್‌ಸಿ 15 ವರ್ಷ ಅಂದ್ರೆ 2032ರವರೆಗೆ. ಆಮೇಲೆ ಐದೈದು ವರ್ಷಕ್ಕೆ ರಿನ್ಯೂ.

ಕೋಟೆ ದಾರಿ, ಚಿತ್ರದುರ್ಗ

ರೇಟು ಮಾತಾಡುವಾಗ ಒಂದು ಹೇಳಿ. 2025ರ ಸೆಪ್ಟೆಂಬರ್ 22ರಿಂದ ದೊಡ್ಡ ಗಾಡಿಗಳ ಜಿಎಸ್‌ಟಿ ಸೆಸ್ ಎಲ್ಲಾ ಸೇರಿ ಶೇಕಡ 50 ಇದ್ದದ್ದು 40 ಆಯಿತು. ಹೊಸ ಗಾಡಿಯ ರೇಟೇ ಇಳಿದಿದೆ. ಹಳೆಯದು ಮಾತ್ರ ಹಳೇ ರೇಟಲ್ಲೇ ನಿಲ್ಲಬೇಕಾ? ಮೆತ್ತಗೆ ಕೇಳಿ, ಕಮ್ಮಿ ಮಾಡ್ತಾರೆ.

ತೋಟದ ಮನೆ, ಚನ್ನಗಿರಿ

ಹೊಗೆ ನಿಯಮದ ಹೊಸ ಮಟ್ಟದ್ದು, ಬಿಎಸ್6 ಡೀಸೆಲ್ ಸಿಕ್ಕರೆ ಒಳ್ಳೇದಲ್ವಾ?

12-13 ಸ್ಪ್ಯಾನರ್, ದಾವಣಗೆರೆ

ಇವರ ಓಡಾಟಕ್ಕೆ ಬೇಡ ಅಣ್ಣ. ಬಿಎಸ್6 ಡೀಸೆಲ್‌ನಲ್ಲಿ ಹೊಗೆಯ ಮಸಿ ಹಿಡಿಯೋಕೆ ಡಿಪಿಎಫ್ ಅಂತ ಇರುತ್ತದೆ. ಮಸಿ ಸುಟ್ಟುಹೋಗಬೇಕು ಅಂದ್ರೆ ಗಾಡಿ ಆಗಾಗ ಹೈವೇಲಿ ಒಂದೇ ಸಮ ಓಡಬೇಕು. ವಾರ ಪೂರ್ತಿ ಸ್ಕೂಲು, ಸಂತೆ ಅಂತ ಮೂರು ಮೂರು ಕಿ.ಮೀ. ಓಡಿಸಿದರೆ ಕಟ್ಟಿಕೊಳ್ಳುತ್ತದೆ. ಬೆಂಗಳೂರಿಗೆ ವಾರ ವಾರ ಹೋಗೋರಿಗೆ ಆ ತೊಂದರೆ ಇಲ್ಲ.

ಬೆಣ್ಣೆನಗರಿ, ದಾವಣಗೆರೆ

ಎಲ್ಲರಿಗೂ ಕೈ ಮುಗಿದು ಹೇಳ್ತೀನಿ, ನೀವು ನನ್ನ ದುಡ್ಡು ಉಳಿಸಿದಿರಿ.

ಫಳಫಳ ಗಾಡಿ ನೋಡೋಕೆ ಬೆಳಿಗ್ಗೆ ಏಳಕ್ಕೇ ಹೋದೆ. ಬಾನೆಟ್ ಮುಟ್ಟಿದರೆ ಬಿಸಿ ಇತ್ತು. ಬ್ರೇಕ್ ಪೆಡಲ್ ರಬ್ಬರ್ ಹೊಸದು, ಪಕ್ಕದ ಕ್ಲಚ್ ಪೆಡಲಿನದು ನುಣ್ಣಗೆ ಸವೆದಿದೆ. ಸರ್ವೀಸ್ ಸೆಂಟರ್‌ಗೆ ಹೋಗೋಣ ಅಂದೆ. ಮೊದಲು ಸರಿ ಅಂದರು, ಆಮೇಲೆ ಟೈಮಿಲ್ಲ ಅಂದರು. ಕೊನೆಗೆ ಹೇಗೋ ವಿವರ ಸಿಕ್ಕಿತು. 2021ರಲ್ಲೇ 94 ಸಾವಿರ ಅಂತ ಇತ್ತು. ಮಾತು ಬೆಳೆಸದೆ ಎದ್ದು ಬಂದೆ.

ಭಾನುವಾರ ಆರೂ ಜನ ದುರ್ಗಕ್ಕೆ ಹೋದೆವು. ಗೀರು ಇರೋ ಗಾಡಿಯ ಓನರ್ ರಿಟೈರ್ ಆದ ಮೇಷ್ಟ್ರು. ಒಂದು ಫೈಲಲ್ಲಿ 2017ರಿಂದ ಎಲ್ಲಾ ಬಿಲ್ ಇಟ್ಟಿದ್ದರು, ಡೀಸೆಲ್ ಹಾಕಿಸಿದ್ದನ್ನೂ ಒಂದು ನೋಟ್‌ಬುಕ್ಕಲ್ಲಿ ಬರೆದಿದ್ದರು. ಆಯಿಲ್ ಮುಚ್ಚಳ ಸ್ವಲ್ಪ ನಡುಗಿತು ಅಷ್ಟೇ. ಬಾಗಿಲಿನ ಗೀರು ಅವರ ಮೊಮ್ಮಗ ಸೈಕಲ್ ತಾಗಿಸಿದ್ದಂತೆ. ಕ್ಲಚ್ ಇನ್ನು ಹತ್ತಿಪ್ಪತ್ತು ಸಾವಿರ ಕಿ.ಮೀ. ಬರಬಹುದು ಅಂತ ಅವರೇ ಹೇಳಿದರು.

ಅವ್ವ ಮೂರನೇ ಸಲ ಇಳಿಯುವಾಗ ಬಾಗಿಲು ಗಟ್ಟಿಯಾಗಿ ಹಿಡಿದುಕೊಂಡು ನಿಂತುಬಿಟ್ಟಳು. ಐದನೇ ಸಲದವರೆಗೆ ಹೋಗಲೇ ಇಲ್ಲ. ಇನ್ನು ಬೇಡ ಅಂದುಕೊಂಡೆ. ಆಗ ಆ ಮೇಷ್ಟ್ರ ಮನೆಯವರು ಒಳಗಿಂದ ಊಟದ ಮಣೆ ತಂದು ಕೆಳಗಿಟ್ಟರು. "ಇದರ ಮೇಲೆ ಇಡ್ರಿ ಕಾಲು" ಅಂದರು. ಅವ್ವ ಇಳಿದಳು. ಮತ್ತೆ ಹತ್ತಿದಳು, ಮತ್ತೆ ಇಳಿದಳು.

6.10ಕ್ಕೆ ಮಾತಾಯಿತು. ಟೈರ್ ನಾಲ್ಕು, ಮುಂದಿನ ಬ್ರೇಕ್ ಪ್ಯಾಡ್, ಆಯಿಲ್ ಎಲ್ಲಾ ಬದಲಿಸಿ 58 ಸಾವಿರ ಆಯಿತು. ಕ್ಲಚ್ಚಿಗೆ ದುಡ್ಡು ತೆಗೆದಿಟ್ಟಿದ್ದೇನೆ.

ಹೋದ ಶನಿವಾರ ಊರಿಗೆ ಹೋಗಿ ಹಾಗೇ ನಾಯಕನಹಟ್ಟಿಗೂ ಹೋಗಿ ಬಂದೆವು. ಮಕ್ಕಳು ಹಿಂದೆ, ಅವ್ವ ನಡುವೆ, ಅಪ್ಪ ಮುಂದೆ. ಬಿಳಿಚೋಡು ದಾಟುವಾಗ ಬಸ್ ಸ್ಟಾಪಲ್ಲಿ ಪರಿಚಯದವರು ಕಂಡರು. ಅಪ್ಪ ಗ್ಲಾಸ್ ಇಳಿಸಿ ಕೈ ಬೀಸಿದರು.

ಎರೆಹೊಲ, ಜಗಳೂರು

ತುಂಬ ಸಂತೋಷ ಆಯಿತು. ಮುಂದಿನ ಸಲ ಬಂದಾಗ ಫೋನ್ ಮಾಡಿ, ಮನೆಗೆ ಬನ್ನಿ. ಹುರುಳಿ ಒಕ್ಕಣೆ ಶುರುವಾಗಿದೆ, ದಾರಿ ನೋಡಿಕೊಂಡು ಬನ್ನಿ.

ತುಂಗಭದ್ರೆ ದಂಡೆ, ಹರಿಹರ

ಮಣೆ ವಿಚಾರ ಓದಿ ಕಣ್ಣು ತುಂಬಿ ಬಂತು. ನಮ್ಮ ಅತ್ತೆಗೂ ಮಾಡಿಸಬೇಕು. ನೀವು ಬೇರೆ ಮಾಡಿಸಿದ್ರಾ? ಅಳತೆ ಎಷ್ಟು?

ಬೆಣ್ಣೆನಗರಿ, ದಾವಣಗೆರೆ

ಮಾಡಿಸಿದೆ ಅಕ್ಕ. ಎತ್ತರ 6 ಇಂಚು, ಉದ್ದ 16, ಅಗಲ 12. ಅಗಲ ಕಮ್ಮಿ ಮಾಡಿಸಬೇಡಿ, ಎರಡೂ ಪಾದ ಕೂರಬೇಕು. ಕೆಳಗೆ ಹಳೇ ಟ್ಯೂಬಿನ ರಬ್ಬರ್ ಹೊಡೆಸಿ, ಕಾಂಕ್ರೀಟ್ ಮೇಲೂ ಜಾರಲ್ಲ. ಬಡಗಿ 400 ತಗೊಂಡರು. ಒಂದು ಬದಿಗೆ ಹಗ್ಗ ಕಟ್ಟಿದ್ದೇವೆ, ಬಗ್ಗದೇ ಎಳೆದುಕೊಳ್ಳೋಕೆ. ಗಾಡಿ ನಿಂತ ತಕ್ಷಣ ಇಳಿದು ಮಣೆ ಇಡೋ ಕೆಲಸ ಮಗಳದು. ಅವಳು ಇಡೋವರೆಗೆ ಅವ್ವ ಬಾಗಿಲು ತೆಗೆಯಲ್ಲ.